ಅಡುಗೆಮನೆ ಓಟಾಗೆ (ಅಡುಗೆ ಕಟ್ಟೆಗೆ) ಸೋಪ್‌ಸ್ಟೋನ್ (ಬಳಪದ ಕಲ್ಲು): ತೊಂದರೆ ಏನೇನು, ಬಳಸಿದವರು ಹೇಳಿ

ಘೋಡ್‌ಬಂದರ್_ಅಡುಗೆಮನೆ
ಎಲ್ಲರಿಗೂ ನಮಸ್ಕಾರ. ಠಾಣೆಲಿ ನಮ್ಮ ಹಳೇ ಫ್ಲ್ಯಾಟಿನ ಅಡುಗೆಮನೆ ಒಡೆದು ಹೊಸದು ಮಾಡಿಸ್ತಿದೀವಿ, ದೀಪಾವಳಿ ಒಳಗೆ ಮುಗೀಬೇಕು. ಈಗ ಇರೋದು ಕಡಪ ಕಲ್ಲಿನ ಓಟಾ. ಸಿಂಕ್ ಪಕ್ಕ ಬಿರುಕು ಬಿಟ್ಟಿದೆ, ಹುಣಸೆಹುಳಿ ಬಿದ್ದೂ ಬಿದ್ದೂ ಅಲ್ಲಲ್ಲಿ ಬೂದಿ ಬಣ್ಣ ಆಗಿದೆ, ಎಷ್ಟು ತಿಕ್ಕಿದ್ರೂ ಹೋಗಲ್ಲ. ಇಂಟೀರಿಯರ್‌ನವರು ಸೋಪ್‌ಸ್ಟೋನ್ ಹಾಕ್ಸಿ ಅಂತ ಒಂದೇ ಸಮನೆ ಹೇಳ್ತಿದಾರೆ. ಕಲೆ ಕೂರಲ್ಲ, ನಿಂಬೆಹಣ್ಣು ವಿನೆಗರ್ ಏನು ಬಿದ್ರೂ ಆಗಲ್ಲ, ಒಲೆಯಿಂದ ಇಳಿಸಿದ ಕುಕ್ಕರ್ ನೇರ ಇಡಬಹುದು, ಹೀಗೆ. ಫೋಟೋ ನೋಡಿದ್ರೆ ಚೆನ್ನಾಗೇ ಇದೆ, ಮ್ಯಾಟ್ ಕಪ್ಪು, ಅಲ್ಲಲ್ಲಿ ಬಿಳಿ ಎಳೆ. ಆದ್ರೆ ಮಾರೋರು ಒಳ್ಳೇದನ್ನಷ್ಟೇ ಹೇಳ್ತಾರೆ, ನಂಗೆ ಬೇಕಾಗಿರೋದು ಅದರ ಕೆಟ್ಟದ್ದು. ಮನೇಲಿ ಐದು ಜನ, ಎರಡು ಹೊತ್ತೂ ಪೂರ್ತಿ ಅಡುಗೆ, ದೋಸೆ ಹಿಟ್ಟು ಮನೇಲೇ ರುಬ್ಬೋದು, ಗ್ರೈಂಡರ್ ಓಟಾ ಮೇಲೇ ಇರುತ್ತೆ, ಪಾತ್ರೆ ತೊಳೆಯೋಕೆ ಕೆಲಸದವರು ಬರ್ತಾರೆ. ಈ ಥರದ ಮನೇಲಿ ಯಾರಾದ್ರೂ ಹಾಕ್ಸಿದೀರಾ?

ರೊಟ್ಟಿ_ಚಿಂಚವಡ
ಹಾಕ್ಸಬ್ಯಾಡ್ರಿ.

ರೊಟ್ಟಿ_ಚಿಂಚವಡ
ಅರ್ಧಕ್ಕ ಪೋಸ್ಟ್ ಆಗಿಬಿಡ್ತು. ನಮ್ಮ ವೈನಿ (ಅತ್ತಿಗಿ) ಮನ್ಯಾಗ ಐತ್ರಿ, ಬಾಣೇರದಾಗ. ಹೊಸದಾಗಿ ಹಾಕ್ಸಿದಾಗ ಎಲ್ಲಾರೂ ಮುಟ್ಟಿ ಮುಟ್ಟಿ ನೋಡಿದ್ವಿ, ಭಾಳ ನುಣುಪ. ಈಗ ಹೋಗಿ ನೋಡ್ರಿ. ರೊಟ್ಟಿ ಬಡಿಯೋದಕ್ಕ ಏನೂ ಆಗಿಲ್ಲ, ಕೈಗೆ ಏನ್ ಆಗ್ತದ ಕಲ್ಲು. ಆದ್ರ ಹಿಟ್ಟು ನಾದೋ ಪರಾತ ಐತಲ್ಲ, ನಾದುವಾಗ ಅದು ಕೈ ಜೋಡಿ ತಿರಗ್ತದ, ಅದರ ತಳದ ಅಂಚು ಕಲ್ಲಿನ ಮ್ಯಾಲೆ ಅರ್ಧ ಅರ್ಧ ಚಂದ್ರನ ಆಕಾರದ ಬಿಳಿ ಗೆರಿ ಹೊಡದೈತಿ, ಒಂದರ ಮ್ಯಾಲೆ ಒಂದು, ಕೈ ಆಡ್ಸಿದ್ರ ಬೆರಳಿಗೆ ಹತ್ತತಾವ. ಸಿಂಕಿನ ಮುಂದಿನ ಅಂಚಿನ್ಯಾಗ ಕುಕ್ಕರ್ ಬಡಿದು ಒಂದು ಚೂರು ಹಾರೇತಿ. ವೈನಿ ಕೆಲಸದಾಕಿಗೆ ಬೈತಾರ, ಆಕಿ ಏನ್ ಮಾಡ್ಬೇಕ್ರಿ, ಪಾತ್ರಿ ಇಡೂದ ಓಟಾ ಮ್ಯಾಲೆ.

ಅಂಧೇರಿ_ಪಶ್ಚಿಮ
ನಮ್ಮಲ್ಲಿ ಇದೆ, ಮೂರು ಮಳೆಗಾಲ ಕಳೀತು, ನಂಗೆ ಇಷ್ಟ. ಗೀರು ಬೀಳುತ್ತೆ ನಿಜ. ಆದ್ರೆ ಸಣ್ಣ ಗೀರಿಗೆ ಒಂದು ಹನಿ ಎಣ್ಣೆ ಸವರಿದ್ರೆ ಮಾಯ ಆಗುತ್ತೆ. ಗ್ರಾನೈಟ್ ಮೇಲೆ ಬೀಳಲ್ಲ ಒಪ್ಪಿದೆ, ಆದ್ರೆ ಗ್ರಾನೈಟ್ ಚಿಪ್ ಆದ್ರೆ ಮನೇಲಿ ಕೂತು ಸರಿ ಮಾಡಕ್ಕಾಗುತ್ತಾ? ಇದನ್ನ ಸ್ಯಾಂಡ್‌ಪೇಪರ್ ತಗೊಂಡು ನಾವೇ ಉಜ್ಜಬಹುದು. ಅರಿಶಿನ, ಬೀಟ್‌ರೂಟ್, ಕೋಕಂ, ಏನು ಚೆಲ್ಲಿ ರಾತ್ರಿಯಿಡೀ ಬಿಟ್ರೂ ಬೆಳಿಗ್ಗೆ ಒರೆಸಿದ್ರೆ ಹೋಗುತ್ತೆ. ಬಿಳಿ ಮಾರ್ಬಲ್ ಹಾಕ್ಸಿದ ನನ್ನ ಅಕ್ಕನ ಮನೇಲಿ ಅರಿಶಿನದ ಕಲೆ ನೋಡಿ ಬಂದೋಳು ನಾನು.

ರೊಟ್ಟಿ_ಚಿಂಚವಡ
ಮನ್ಯಾಗ ಎಷ್ಟು ಮಂದಿ ಅಡಗಿ ಮಾಡ್ತೀರಿ?

ಅಂಧೇರಿ_ಪಶ್ಚಿಮ
ನಾನೊಬ್ಬಳೇ. ಪಾತ್ರೇನೂ ನಾನೇ ತೊಳೀತೀನಿ.

ರೊಟ್ಟಿ_ಚಿಂಚವಡ
ಹಂಗಾದ್ರ ಅಲ್ಲೇ ಐತಿ ನೋಡ್ರಿ ಉತ್ತರ.

ಭೂವಿಜ್ಞಾನ_ಕೋಥ್ರೂಡ್
ವಿಷಯ ಗಡಸುತನದ್ದು, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಖನಿಜಗಳ ಗಡಸುತನ ಅಳೆಯೋಕೆ ಮೋಸ್ ಅಂತ ಒಂದು ಸ್ಕೇಲ್ ಇದೆ, 1ರಿಂದ 10ರವರೆಗೆ. 10 ಅಂದ್ರೆ ವಜ್ರ. 1 ಅಂದ್ರೆ ಟಾಲ್ಕ್, ನಾವು ಮುಖಕ್ಕೆ ಹಚ್ಚೋ ಪೌಡರಿನ ಟಾಲ್ಕೇ. ಸೋಪ್‌ಸ್ಟೋನಿನ ಮುಖ್ಯ ಭಾಗ ಈ ಟಾಲ್ಕ್. ನಮ್ಮ ಉಗುರು ಸುಮಾರು 2.5, ಸ್ಟೀಲ್ ಚಾಕು ಸುಮಾರು 5.5, ಗ್ರಾನೈಟಿನಲ್ಲಿರೋ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಜ್ 7. ಚಾಕು ಗ್ರಾನೈಟ್ ಮೇಲೆ ಗೀರಿದ್ರೆ ಚಾಕು ಮೊಂಡಾಗುತ್ತೆ, ಸೋಪ್‌ಸ್ಟೋನ್ ಮೇಲೆ ಗೀರಿದ್ರೆ ಕಲ್ಲು ಹೋಗುತ್ತೆ. ಪಾತ್ರೆ ತಳದಲ್ಲಿ ಸಿಕ್ಕ ಒಂದು ಮರಳಿನ ಕಣ ಅಂದ್ರೂ ಕ್ವಾರ್ಟ್ಜೇ, 7. ಅದೊಂದೇ ಸಾಕು.

ಆದ್ರೆ ಎಲ್ಲಾ ಸೋಪ್‌ಸ್ಟೋನ್ ಒಂದೇ ಅಲ್ಲ. ಟಾಲ್ಕ್ ತುಂಬಾ ಇರೋದು ಮೂರ್ತಿ ಕೆತ್ತೋಕೆ ಒಳ್ಳೇದು, ಉಗುರಲ್ಲೂ ಗೀರಬಹುದು. ಓಟಾಗೆ ಅಂತ ಬರೋದ್ರಲ್ಲಿ ಟಾಲ್ಕ್ ಕಮ್ಮಿ, ಕ್ಲೋರೈಟ್, ಮ್ಯಾಗ್ನೆಸೈಟ್, ಆಂಫಿಬೋಲ್ ಅನ್ನೋ ಬೇರೆ ಖನಿಜ ಜಾಸ್ತಿ, ಸ್ವಲ್ಪ ಗಟ್ಟಿ. ಗಟ್ಟಿ ಅಂದ್ರೂ ಗ್ರಾನೈಟ್ ಹತ್ರಕ್ಕೂ ಬರಲ್ಲ. ಇನ್ನು ಆಸಿಡ್‌ಗೆ ಏನೂ ಆಗಲ್ಲ ಅನ್ನೋದು ನಿಜ, ಹೊರದೇಶದ ಹಳೇ ಕೆಮಿಸ್ಟ್ರಿ ಲ್ಯಾಬುಗಳಲ್ಲಿ ಮೇಜಿಗೆ ಇದನ್ನೇ ಹಾಕ್ತಿದ್ರು. ನಿಮ್ಮ ಕಡಪ ಕಲ್ಲು ಸುಣ್ಣದ ಕಲ್ಲು, ಅದಕ್ಕೇ ಹುಣಸೆಹುಳಿಗೆ ಬೂದಿ ಆಯ್ತು.

ಹಾಸನದ_ಮುಲುಂಡ್‌ವಾಸಿ
ಸ್ವಾಮಿ, ಬೇಲೂರು ಹಳೇಬೀಡು ಎಲ್ಲಾ ಕಟ್ಟಿರೋದು ಇದೇ ಬಳಪದ ಕಲ್ಲಲ್ಲಿ. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದ್ದು, ಒಂಬೈನೂರು ವರ್ಷ ಆಯ್ತು, ಮದನಿಕೆಯರ ಬೆರಳಿನ ಉಂಗುರ ಕೂಡ ಹಾಗೇ ಇದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ಬಾಳಿಕೆ ಇಲ್ಲ ಅಂತ ಹೇಗೆ ಹೇಳ್ತೀರಿ?

ಭೂವಿಜ್ಞಾನ_ಕೋಥ್ರೂಡ್
ಬಾಳಿಕೆ ಇಲ್ಲ ಅಂತ ಯಾರೂ ಹೇಳಿಲ್ಲ. ಬಿಸಿಲು ಮಳೆಗೆ ಅದು ಚೆನ್ನಾಗೇ ತಡೆಯುತ್ತೆ. ಬ್ರೆಜಿಲ್‌ನ ರಿಯೋದಲ್ಲಿ 1931ರಲ್ಲಿ ನಿಂತ ಕ್ರಿಸ್ತನ ಪ್ರತಿಮೆ ಇದೆಯಲ್ಲ, ಅದರ ಹೊರಗಿನ ಹೊದಿಕೆ ಪೂರ್ತಿ ಸೋಪ್‌ಸ್ಟೋನಿನ ಸಣ್ಣ ಸಣ್ಣ ತುಂಡು. ಆದ್ರೆ ಹವೆಗೆ ತಡೆಯೋದು ಬೇರೆ, ಉಜ್ಜಿದ್ರೆ ಸವೆಯೋದು ಬೇರೆ. ಹೊಯ್ಸಳರ ಶಿಲ್ಪಿಗಳು ಈ ಕಲ್ಲು ಹಿಡಿದಿದ್ದೇ ಅದು ಮೆತ್ತಗಿದೆ ಅಂತ. ಅಷ್ಟು ಸೂಕ್ಷ್ಮ ಜಾಲರಿ, ತಿರುಗಣೆ ಮೇಲೆ ತಿರುಗಿಸಿದ ಕಂಬ, ಗ್ರಾನೈಟಲ್ಲಿ ಅಷ್ಟು ಸುಲಭಕ್ಕೆ ಬರ್ತಿರಲಿಲ್ಲ. ಉಳಿ ಮಾತು ಕೇಳೋ ಕಲ್ಲು ಅಡುಗೆಮನೇಲಿ ಚಾಕು ಮಾತೂ ಕೇಳುತ್ತೆ. ಮದನಿಕೆ ಮೇಲೆ ದಿನಾ ಯಾರೂ ಪಾತ್ರೆ ಎಳೆಯಲ್ಲ.

ಹಾಸನದ_ಮುಲುಂಡ್‌ವಾಸಿ
ಅದು ಸರಿ. ಆದ್ರೂ ನಮ್ಮೂರ ಕಲ್ಲಿನ ಮೇಲೆ ಪ್ರೀತಿ ಇದ್ದೋರಿಗೆ ಬೇಡ ಅನ್ನಕ್ಕೆ ಮನಸ್ಸು ಬರಲ್ಲ. ಬಳಪ ಹಿಡಿದು ಸ್ಲೇಟಲ್ಲಿ ಅ ಆ ಇ ಈ ಬರೆದೋರು ನಾವು.

ಮಾಟುಂಗಾ_ಹೋಟೆಲಿನವ
ಇಷ್ಟೆಲ್ಲಾ ಯಾಕೆ ಮಾರಾಯ್ರೆ, ಸ್ಟೀಲ್ ಹಾಕಿ. ನಮ್ಮ ಉಡುಪಿ ಹೋಟೆಲುಗಳ ಒಳಗೆ ಹೋಗಿ ನೋಡಿ, ಒಂದು ಕಡೆ ಆದ್ರೂ ಕಲ್ಲಿನ ಟೇಬಲ್ ಉಂಟಾ? ಎಲ್ಲ ಸ್ಟೀಲ್. ಗೀರು ಬೀಳ್ತದೆ, ಬೀಳ್ಲಿ, ಸ್ಟೀಲಲ್ಲಿ ಗೀರನ್ನು ನೋಡುವವರು ಯಾರು.

ಘೋಡ್‌ಬಂದರ್_ಅಡುಗೆಮನೆ
ಅತ್ತೆ ಸ್ಟೀಲ್ ಬೇಡ ಅಂತಾರೆ, ಪಾತ್ರೆ ಇಟ್ರೆ ಸದ್ದು ಜಾಸ್ತಿ ಅಂತ.

ವಾಸ್ಕೋ_ಕಲ್ಲುಕೆಲಸ
ನಾನು ಇಳಕಲ್ ಕಡೆಯವ, ಗೋವಾದಾಗ ಕಲ್ಲಿನ ಕೆಲಸ ಮಾಡ್ಕೊಂಡ ಇರೋದು, ಗ್ರಾನೈಟ್, ಕಡಪ, ಕೋಟಾ ಎಲ್ಲಾ ಕೊಯ್ದೀನಿ, ಸೋಪ್‌ಸ್ಟೋನೂ ಹಾಕೀನಿ, ದೊಡ್ಡ ದೊಡ್ಡ ಬಂಗಲೆಗೋಳಿಗೆ. ಗೀರಿನ ಮಾತು ಎಲ್ಲಾರೂ ಹೇಳ್ಯಾರ, ನಾನು ಹೇಳೋದು ಹಾಕೋ ಮುಂದ ಬರೋ ತಾಪತ್ರಯ.

ಮೊದಲನೇದು ದಪ್ಪ. ಗ್ರಾನೈಟ್ ಇಲ್ಲಿ 18, 20 ಮಿಲಿಮೀಟರ್‌ದಾಗ ನಡೀತದ. ಸೋಪ್‌ಸ್ಟೋನ್ ಅಷ್ಟು ತೆಳ್ಳಗ ಹಾಕಿದ್ರ ಸಿಂಕ್ ಕೊಯ್ದ ಮ್ಯಾಲೆ ಮುಂದ ಉಳಿಯೋ ಸಣ್ಣ ಪಟ್ಟಿ ಐತಲ್ಲ, ಅಲ್ಲೇ ಮುರೀತದ. 30 ಬೇಕ. 30 ಅಂದ್ರ ಒಂದು ಚದರ ಅಡಿಗೆ ಹತ್ತತ್ರ ಎಂಟು ಕಿಲೋ ಬರ್ತದ, 20ರ ಗ್ರಾನೈಟ್ ಐದು ಕಿಲೋ. ಕೆಳಗಿನ ಪ್ಲೈವುಡ್ ಖಾನೆ ಅಷ್ಟು ಭಾರ ತಡೀಬೇಕ, ಹಳೇ ಬಿಲ್ಡಿಂಗಿನ್ಯಾಗ ನೆಲ ಸಪಾಟ ಇರಂಗಿಲ್ಲ, ಒಂದು ಕಡೆ ಪೊಳ್ಳು ಉಳಿದ್ರ ಬಿರುಕು ಗ್ಯಾರಂಟಿ.

ಜೋಡಣಿ ಇನ್ನೊಂದು. ಗ್ರಾನೈಟಿನ ಹಲಗಿ ಉದ್ದ ಸಿಗ್ತದ, ಓಟಾ ಪೂರಾ ಒಂದೇ ತುಂಡಿನ್ಯಾಗ ಮುಗೀಬಹುದು. ಸೋಪ್‌ಸ್ಟೋನಿನ ಹಲಗಿ ಸಣ್ಣವು, ಎಲ್ ಆಕಾರದ ಅಡಗಿಮನಿಗೆ ಎರಡು ಮೂರು ಜೋಡಣಿ ಬರ್ತಾವ. ಜೋಡಣಿ ಕಾಣಬಾರದು ಅಂದ್ರ ಎಳಿ ಎಳಿಗೆ ಹೊಂದಿಸ್ಬೇಕ, ಅದಕ್ಕ ಕಲ್ಲು ಜಾಸ್ತಿ ತರಬೇಕ, ರೇಟ್ ಮೊದಲೇ ಜಾಸ್ತಿ. ಬಿಳಿ ಎಳಿ ಚಂದ ಕಾಣ್ತಾವ ಅಂತ ಎಲ್ಲಾರೂ ಅದನ್ನ ಕೇಳ್ತಾರ, ಆದ್ರ ಕೆಲವು ಎಳಿಗುಂಟನೇ ಕಲ್ಲು ಒಡೀತದ, ಸಿಂಕ್ ಬರೋ ಜಾಗದಾಗ ದಪ್ಪ ಎಳಿ ಬರದಂಗ ನೋಡ್ಕೋಬೇಕ.

ಅಂಚು ಚೂಪ್ ಇಡಸ್ಬ್ಯಾಡ್ರಿ. ಇಂಟೀರಿಯರ್‌ನವರಿಗೆ ಚೂಪಂದ್ರ ಇಷ್ಟ, ಫೋಟೋದಾಗ ಚಂದ. ವರ್ಷದಾಗ ಹತ್ತು ಕಡೆ ಹಾರ್ತದ. ದುಂಡ ಮಾಡಸ್ರಿ, ಒಳ್ಳೇ ದುಂಡ.

ಇನ್ನೊಂದು, ಗ್ರಾನೈಟ್ ಮಾತ್ರ ಕೊಯ್ದ ಹುಡುಗರಿಗೆ ಇದು ಕೊಡಬ್ಯಾಡ್ರಿ. ಅವರು ಅದೇ ಪಾಲಿಶ್ ಚಕ್ರ ಹಿಡಿದು ಮಿರಮಿರ ಮಿಂಚಸಾಕ ನೋಡ್ತಾರ, ಈ ಕಲ್ಲು ಮಿಂಚೋದಲ್ಲ, ಅಲೆ ಅಲೆ ಬಿದ್ದು ಕೂಡ್ತದ. ಕಿಟಕಿ ಬೆಳಕ ಅಡ್ಡ ಬಿದ್ದಾಗ ಎಲ್ಲಾ ಕಾಣ್ತದ.

ಅಂಧೇರಿ_ಪಶ್ಚಿಮ
ಅಂಚಿನ ಮಾತು ನೂರಕ್ಕೆ ನೂರು ಸರಿ. ನಮ್ಮದು ದುಂಡು ಅಂಚು, ಒಂದೂ ಹಾರಿಲ್ಲ.

ಖಾರ್ಘರ್_ಇಂಜಿನಿಯರ್
ಕ್ವಾರ್ಟ್ಜ್ ಹಾಕ್ಸಿ, ಅಂದ್ರೆ ಕ್ವಾರ್ಟ್ಜ್ ಪುಡಿಯಿಂದ ಕಾರ್ಖಾನೇಲಿ ಮಾಡಿದ ಹಲಗೆ, ಮುಗೀತು. ಗೀರಿಲ್ಲ, ಎಣ್ಣೆ ಹಚ್ಚೋ ತಲೆನೋವಿಲ್ಲ, ಬಿಳಿ ಬೇಕಾ ಬಿಳಿ, ಕಪ್ಪು ಬೇಕಾ ಕಪ್ಪು. ಸೋಪ್‌ಸ್ಟೋನ್ ಅಂದ್ರೆ ಬೂದಿ, ಹಸಿರು, ಕಪ್ಪು, ಅಷ್ಟೇ.

ಅಂಧೇರಿ_ಪಶ್ಚಿಮ
ಕ್ವಾರ್ಟ್ಜ್ ಮೇಲೆ ಒಗ್ಗರಣೆ ಬಾಣಲೆ ಇಳಿಸಿ ನೋಡಿ. ಅದರೊಳಗೆ ಕಲ್ಲಿನ ಪುಡಿ ಹಿಡಿದಿಟ್ಟಿರೋದು ಪ್ಲಾಸ್ಟಿಕ್ ಥರದ ರೆಸಿನ್, ಬಿಸಿಗೆ ಸುಟ್ಟು ಹಳದಿ ಕಲೆ ಬೀಳುತ್ತೆ, ಅದು ಯಾವ ಕಾಲಕ್ಕೂ ಹೋಗಲ್ಲ. ಮೇಲಾಗಿ ಆಸ್ಟ್ರೇಲಿಯಾದಲ್ಲಿ ಅದನ್ನ ಬ್ಯಾನ್ ಮಾಡಿದಾರೆ.

ಖಾರ್ಘರ್_ಇಂಜಿನಿಯರ್
ಬ್ಯಾನ್ ಮಾಡಿದ್ದು ಮನೇಲಿ ಇದ್ರೆ ಅಪಾಯ ಅಂತ ಅಲ್ಲ. 2024ರ ಜುಲೈ 1ರಿಂದ ಬ್ಯಾನ್, ಕಾರಣ ಅದನ್ನ ಕೊಯ್ಯೋ ಕೆಲಸಗಾರರಿಗೆ ಪುಡಿ ಉಸಿರಾಡಿ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬರ್ತಿತ್ತು. ಹಾಕ್ಸಿದ ಮೇಲೆ ಅಡುಗೆ ಮಾಡೋರಿಗೆ ಏನೂ ಇಲ್ಲ.

ವಾಸ್ಕೋ_ಕಲ್ಲುಕೆಲಸ
ಅಡಗಿ ಮಾಡೋರಿಗೆ ಏನೂ ಇಲ್ಲ, ಖರೆ. ಕೊಯ್ಯೋರು ನಾವು ಮನುಷ್ಯಾರ ಅಲ್ಲೇನ್ರಿ? ಒಣಾ ಕೊಯ್ದ್ರ ಕೋಣಿ ತುಂಬಾ ಬಿಳಿ ಹೊಗಿ, ಪುಡಿ ಪುಪ್ಪುಸದಾಗ ಕೂತ್ರ ಹೊರಗ ಬರಂಗಿಲ್ಲ. ಯಾವ ಕಲ್ಲ ಹಾಕ್ಸಿದ್ರೂ ನೀರು ಬಿಟ್ಟು ಕೊಯ್ರಿ, ಮಾಸ್ಕ್ ಹಾಕ್ಕೊಳ್ರಿ ಅಂತ ಮನಿ ಯಜಮಾನ್ರು ಒಂದು ಮಾತ ಅಂದ್ರ ಮಾಲಕ ಕೇಳ್ತಾನ. ನಾವು ಅಂದ್ರ ಕೇಳಂಗಿಲ್ಲ.

ಖಾರ್ಘರ್_ಇಂಜಿನಿಯರ್
ಒಪ್ಪಿದೆ ಅಣ್ಣಾ. ನಮ್ಮ ಸೊಸೈಟಿಲಿ ಫ್ಲ್ಯಾಟ್ ಒಳಗೆ ಕಲ್ಲು ಕೊಯ್ಯೋದನ್ನೇ ನಿಲ್ಲಿಸೋಕೆ ಕಮಿಟಿಗೆ ಹೇಳ್ತೀನಿ.

ಮಾಪ್ಸಾ_ತುಳುವ
ನಾನು ಅಸಗಾಂವ್‌ನಲ್ಲಿ ಒಂದು ಬಾಡಿಗೆ ವಿಲ್ಲಾ ನೋಡಿಕೊಳ್ಳುವುದು, ಯಜಮಾನರು ಡೆಲ್ಲಿಯವರು. ಅಡುಗೆಮನೆಗೆ ಆರ್ಕಿಟೆಕ್ಟ್ ಸೋಪ್‌ಸ್ಟೋನ್ ಹಾಕಿದ್ದಾರೆ. ಬಂದವರು ಕತ್ತರಿಸುವ ಹಲಗೆ ಪಕ್ಕದಲ್ಲೇ ಇದ್ದರೂ ಕಲ್ಲಿನ ಮೇಲೆ ನೇರ ಲಿಂಬೆ ಕತ್ತರಿಸ್ತಾರೆ, ಮೀನು ಕತ್ತರಿಸ್ತಾರೆ. ಮೀನಿನ ವಾಸನೆ ಹಿಡಿಯುವುದಿಲ್ಲ, ಅದು ಮಾತ್ರ ಒಳ್ಳೆಯದು, ತೊಳೆದರೆ ಹೋಯಿತು. ಗೋವಾದ ವಿನೆಗರ್ ಚೆಲ್ಲಿದರೂ ಏನಿಲ್ಲ. ಆದ್ರೆ ಚಾಕುವಿನ ಗೆರೆ ನೋಡಿ ಯಜಮಾನರು ಫೋನ್ ಮಾಡುವುದು ನನಗೆ.

ದೊಡ್ಡ ತಲೆಬಿಸಿ ಬಣ್ಣ. ಕಲ್ಲು ಬರುವಾಗ ತಿಳಿ ಬೂದಿ. ಎಣ್ಣೆ ತಾಗಿದಲ್ಲಿ ಕಪ್ಪಾಗ್ತದೆ. ಒಲೆಯ ಸುತ್ತ ಒಗ್ಗರಣೆ ಹಾರಿ ಹಾರಿ ಕಪ್ಪು, ಸಿಂಕಿನ ಹತ್ತಿರ ಸೋಪಿನ ನೀರಿಗೆ ಎಣ್ಣೆ ಹೋಗಿ ಬೂದಿ, ನಡುವಿನಲ್ಲಿ ಎರಡೂ ಅಲ್ಲದ ಬಣ್ಣ. ಇಡೀ ಒಂದೇ ಬಣ್ಣ ಕಾಣಬೇಕಾದರೆ ನಾವೇ ಎಲ್ಲಾ ಕಡೆ ಎಣ್ಣೆ ಹಚ್ಚಿ ಕಪ್ಪು ಮಾಡಬೇಕು. ಮೊದಲ ವರ್ಷ ತಿಂಗಳಿಗೊಮ್ಮೆ ಆದ್ರೂ ಹಚ್ಚಬೇಕು, ಮತ್ತೆ ನಿಧಾನ ಕಡಿಮೆ ಮಾಡಬಹುದು. ಹಚ್ಚುವುದು ಅರ್ಧ ದಿನದ ಕೆಲಸ, ಎಲ್ಲಾ ಸಾಮಾನು ತೆಗೆದು ಒರೆಸಿ ಒಣಗಿಸಿ ಹಚ್ಚಿ ಪುನಃ ಒರೆಸಿ. ಆ ದಿನ ಅಡುಗೆ ಇಲ್ಲ.

ಡೊಂಬಿವಲಿ_ಅಜ್ಜಿಮನೆ
ಕೊಬ್ಬರಿ ಎಣ್ಣೆ ಹಚ್ಚಿದ್ರೆ ಆಯ್ತು, ಮನೇಲೇ ಇರುತ್ತೆ. ನಮ್ಮಜ್ಜಿ ಬಳಪದ ಕಲ್ಲಿನ ಮರಿಗೆಗೆ ಅರಿಶಿನ ಎಣ್ಣೆ ಹಚ್ಚಿ, ಗಂಜಿ ತುಂಬಿಟ್ಟು ಪಳಗಿಸ್ತಿದ್ರು. ಅದರಲ್ಲಿ ಮಾಡಿದ ಹುಳಿ ಒಲೆಯಿಂದ ಇಳಿಸಿ ಎಷ್ಟೋ ಹೊತ್ತಾದ್ರೂ ಕುದೀತಾನೇ ಇರೋದು. ಆ ರುಚಿ ಈಗಿನ ಕುಕ್ಕರಲ್ಲಿ ಇಲ್ಲ ಬಿಡಿ.

ಮಾಪ್ಸಾ_ತುಳುವ
ಓಟಾಗೆ ತೆಂಗಿನೆಣ್ಣೆ ಬೇಡ ಅಮ್ಮಾ. ಮೊದಲು ಹಚ್ಚಿದ್ದು ಅದನ್ನೇ. ಮಳೆಗಾಲದ ಹವೆಗೆ ಕಮಟು ವಾಸನೆ, ಕೈ ಇಟ್ಟರೆ ಅಂಟು, ಇರುವೆ ಬೇರೆ. ಅಡುಗೆಯ ಯಾವ ಎಣ್ಣೆಯೂ ಆಗುವುದಿಲ್ಲ, ಎಲ್ಲಾ ಕಮಟ್ತದೆ. ಮಿನರಲ್ ಆಯಿಲ್ ಬೇಕು. ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಅಂತ ಕೇಳಿ, ಮಲಬದ್ಧತೆಗೆ ಕೊಡುವುದು ಅದೇ. ಬಣ್ಣ ಇಲ್ಲ, ವಾಸನೆ ಇಲ್ಲ, ಹಾಳಾಗುವುದಿಲ್ಲ.

ಅಂಧೇರಿ_ಪಶ್ಚಿಮ
ಅದಕ್ಕೆ ಸ್ವಲ್ಪ ಜೇನುಮೇಣ ಕರಗಿಸಿ ಸೇರಿಸಿದ್ರೆ ಜಾಸ್ತಿ ದಿನ ನಿಲ್ಲುತ್ತೆ. ನಾನು ಹಾಗೇ ಮಾಡೋದು. ಇನ್ನು ನಂಗೆ ಗೊತ್ತಿರೋ ಒಬ್ರು ಎಣ್ಣೇನೇ ಹಚ್ಚಲ್ಲ, ಬೂದಿ ಬಣ್ಣದಲ್ಲೇ ಬಿಟ್ಟಿದಾರೆ, ಕಲೆ ಕಲೆ ಆಗಿ ಕಾಣುತ್ತೆ, ಅವರಿಗೆ ಅದೇ ಇಷ್ಟ. ಎಣ್ಣೆ ಬರೀ ನೋಟಕ್ಕೆ, ಕಲ್ಲು ಉಳಿಯೋಕೆ ಎಣ್ಣೆ ಬೇಕಾಗಿಲ್ಲ.

ನವಿ_ಮುಂಬೈ_ಗೃಹಸ್ಥ
ನಮಗೆ ಸೀಲರ್ ಹೊಡೆಸ್ಬೇಕು ಅಂತ ಕಾಂಟ್ರಾಕ್ಟರ್ ಬೇರೆ ದುಡ್ಡು ಕೇಳಿದ್ದ ಈ ಕಲ್ಲಿಗೆ. ಬೇಕಾ ಅದು?

ಭೂವಿಜ್ಞಾನ_ಕೋಥ್ರೂಡ್
ಬೇಡ. ಸೀಲರ್ ಅಂದ್ರೆ ಕಲ್ಲಿನ ಸೂಕ್ಷ್ಮ ರಂಧ್ರ ಮುಚ್ಚೋಕೆ. ಗ್ರಾನೈಟ್, ಮಾರ್ಬಲ್‌ಗೆ ಅರ್ಥ ಇದೆ. ಸೋಪ್‌ಸ್ಟೋನಲ್ಲಿ ನೀರು ಇಂಗೋ ರಂಧ್ರಾನೇ ಇಲ್ಲದಷ್ಟು ಒತ್ತಾಗಿರುತ್ತೆ, ಸೀಲರ್ ಒಳಗೆ ಹೋಗಲ್ಲ, ಮೇಲೇ ಪದರ ಕಟ್ಟಿ ಆಮೇಲೆ ಸಿಪ್ಪೆ ಏಳುತ್ತೆ. ಆ ದುಡ್ಡು ಕೊಡಬೇಡಿ.

ನವಿ_ಮುಂಬೈ_ಗೃಹಸ್ಥ
ಧನ್ಯವಾದ ಸರ್. ಇವತ್ತೇ ಮಾತಾಡ್ತೀನಿ ಅವನ ಹತ್ರ.

ರೊಟ್ಟಿ_ಚಿಂಚವಡ
ಪಾತ್ರಿ ತಿಕ್ಕೋ ಪುಡಿ ಬಗ್ಗೆ ಯಾರೂ ಅನ್ನಲಿಲ್ಲ. ಕೆಲಸದಾಕಿ ಸ್ಟೀಲ್ ಜುಂಗು ಮತ್ತ ಪುಡಿ ಹಾಕಿ ಓಟಾ ತಿಕ್ಕತಾಳ, ಆಕಿಗೆ ಓಟಾ ಅಂದ್ರ ತಿಕ್ಕಬೇಕ, ಅದು ಆಕಿ ಶಿಸ್ತು. ಈ ಕಲ್ಲಿಗೆ ಬರೀ ಮೆತ್ತಗಿನ ಅರಬಿ, ತುಸು ಸೋಪ್ ನೀರು. ಹೇಳಿದ್ರ ಎರಡು ದಿನ ಕೇಳ್ತಾಳ, ಮೂರನೇ ದಿನ ಮತ್ತ ಜುಂಗು. ಓಟಾ ಯಾರ ಕೈಯಾಗ ಇರ್ತದ ಅನ್ನೋದು ನೋಡ್ರಿ ಮೊದಲು.

ಘೋಡ್‌ಬಂದರ್_ಅಡುಗೆಮನೆ
ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಅಂಗಡಿಯವರು ಒಂದು ಸ್ಯಾಂಪಲ್ ತುಂಡು ಕೊಟ್ಟಿದಾರೆ, ಅಂಗೈ ಅಗಲ. ಇದು ನಿಜವಾದ್ದಾ ಅಂತ ಮನೇಲಿ ನೋಡೋದು ಹೇಗೆ? ಬ್ರೆಜಿಲ್ ಕಲ್ಲು ಅಂತಾರೆ, ರೇಟ್ ನೋಡಿದ್ರೆ ಗ್ರಾನೈಟಿಗಿಂತ ಎಷ್ಟೋ ಪಟ್ಟು.

ವಾಸ್ಕೋ_ಕಲ್ಲುಕೆಲಸ
ಚಾಕುದ ತುದಿಲೇ ಹಿಂದಿನ ಮಗ್ಗಲಿಗೆ ಗೀರ್ರಿ. ಬಿಳಿ ಹಿಟ್ಟು ಬಂದು ಗೆರಿ ಕೂಡಬೇಕ. ಗೆರಿ ಬರದ ಬರೀ ಸ್ಟೀಲಿನ ಬಣ್ಣದ ಗುರುತು ಬಂದು ಒರೆಸಿದ್ರ ಹೋದ್ರ ಅದು ಗ್ರಾನೈಟ್, ಲೆದರ್ ಫಿನಿಶ್ ಮಾಡಿರ್ತಾರ, ಮ್ಯಾಟ್ ಕಪ್ಪು ಕಾಣ್ತದ, ಸೋಪ್‌ಸ್ಟೋನ್ ಅಂತ ಮಾರ್ತಾರ.

ಭೂವಿಜ್ಞಾನ_ಕೋಥ್ರೂಡ್
ಚಾಕು ಒಂದೇ ಸಾಲದು, ಕಡಪ ಕಲ್ಲಿನ ಮೇಲೂ ಚಾಕುವಿನ ಗೆರೆ ಬೀಳುತ್ತೆ. ಜೊತೆಗೆ ನಿಂಬೆರಸ ಎರಡು ಹನಿ ಹಾಕಿ ಹದಿನೈದು ನಿಮಿಷ ಬಿಡಿ. ಒರೆಸಿದ ಮೇಲೆ ಆ ಜಾಗ ಮಂಕಾಗಿದ್ರೆ ಸುಣ್ಣದ ಕಲ್ಲು. ಸೋಪ್‌ಸ್ಟೋನಾದ್ರೆ ಏನೂ ಆಗಿರಲ್ಲ. ಆಮೇಲೆ ಒಂದು ಹನಿ ಎಣ್ಣೆ ಹಾಕಿ, ತಕ್ಷಣ ಕಪ್ಪಾಗಬೇಕು. ಮುಟ್ಟಿದ್ರೆ ಪೌಡರ್ ಸವರಿದ ಹಾಗೆ ಜಾರೋ ನುಣುಪು ಇರುತ್ತೆ, ಅದು ಬೇರೆ ಕಲ್ಲಿಗೆ ಬರಲ್ಲ.

ಘೋಡ್‌ಬಂದರ್_ಅಡುಗೆಮನೆ
ಮಾಡಿ ನೋಡಿದೆ. ಚಾಕು ಗೆರೆ ಬೀಳಲೇ ಇಲ್ಲ! ಸ್ಟೀಲ್ ಗುರುತು ಬಂತು, ಬೆರಳಲ್ಲಿ ಉಜ್ಜಿದ್ರೆ ಹೋಯ್ತು. ಅಂದ್ರೆ ಇದು ಗ್ರಾನೈಟಾ? ಆ ರೇಟಿಗೆ?

ವಾಸ್ಕೋ_ಕಲ್ಲುಕೆಲಸ
ಗ್ರಾನೈಟೇ. ಕಲ್ಲು ಕೆಟ್ಟದ್ದಲ್ರಿ, ಹೇಳೋ ಹೆಸರು ಮತ್ತ ರೇಟ್ ಸುಳ್ಳು.

ಹಾಸನದ_ಮುಲುಂಡ್‌ವಾಸಿ
ಇದು ಮೋಸ. ಬಿಲ್ಲಲ್ಲಿ ಕಲ್ಲಿನ ಹೆಸರು ಬರೆಸ್ಕೊಂಡೇ ದುಡ್ಡು ಕೊಡಿ. ಕಪ್ಪು ಗ್ರಾನೈಟೇ ಬೇಕಿದ್ರೆ ನಮ್ಮ ಚಾಮರಾಜನಗರದ್ದು ತಗೊಳ್ಳಿ, ಹೊರದೇಶಕ್ಕೆಲ್ಲಾ ಹೋಗುತ್ತೆ ಅದು.

ಮಾಟುಂಗಾ_ಹೋಟೆಲಿನವ
ಸಿಲ್ವಾಸಾಕ್ಕೆ ಒಂದು ಸಲ ಹೋಗಿ ಬನ್ನಿ, ಮುಂಬೈಯವರು ಕಲ್ಲು ನೋಡ್ಲಿಕ್ಕೆ ಹೆಚ್ಚಾಗಿ ಅಲ್ಲಿಗೇ ಹೋಗುವುದು. ಸಾಲಿಗೆ ಅಂಗಡಿ. ನಿಂತ ಹಲಗೆಯನ್ನೇ ನೋಡಿ ಗುರುತು ಹಾಕಿ ಬರಬೇಕು, ಸ್ಯಾಂಪಲ್ ನಂಬಬೇಡಿ.

ಅಂಧೇರಿ_ಪಶ್ಚಿಮ
ನಂಗೆ ಸೋಪ್‌ಸ್ಟೋನ್ ಇಷ್ಟ ಅಂತ ಹೇಳಿದ್ದಕ್ಕೆ ಇನ್ನೊಂದೂ ಹೇಳಿಬಿಡ್ತೀನಿ, ನ್ಯಾಯವಾಗಿ. ಬಿಸಿ ಪಾತ್ರೆ ಇಟ್ರೆ ಕಲ್ಲಿಗೆ ಏನೂ ಆಗಲ್ಲ, ಆದ್ರೆ ಕಲ್ಲು ಆ ಬಿಸಿ ಹಿಡ್ಕೊಳ್ಳುತ್ತೆ. ಫಿನ್‌ಲ್ಯಾಂಡ್ ಕಡೆ ಮನೆ ಬೆಚ್ಚಗಿಡೋ ಒಲೆ ಇದರಲ್ಲೇ ಮಾಡ್ತಾರೆ, ಅಷ್ಟು ಹೊತ್ತು ಬಿಸಿ ಇರುತ್ತೆ. ಕುಕ್ಕರ್ ಎತ್ತಿದ ಮೇಲೂ ಆ ಜಾಗ ಸುಡುತ್ತೆ, ನೋಡಕ್ಕೆ ಗೊತ್ತಾಗಲ್ಲ. ಮಗಳು ಅಲ್ಲೇ ಕೈ ಊರಿ ಅತ್ತಿದ್ಳು. ಮನೇಲಿ ಪುಟ್ಟ ಮಕ್ಕಳಿದ್ರೆ ಬಿಸಿ ಪಾತ್ರೆಗೆ ಯಾವುದೇ ಕಲ್ಲಾದ್ರೂ ಸ್ಟ್ಯಾಂಡ್ ಇಡೋದೇ ಒಳ್ಳೇದು.

ಡೊಂಬಿವಲಿ_ಅಜ್ಜಿಮನೆ
ಅದೇ ನಾನು ಹೇಳಿದ್ದು, ಹುಳಿ ಕುದೀತಾನೇ ಇರೋದು ಅಂತ. ಪಾತ್ರೆಗೆ ಒಳ್ಳೇ ಗುಣ, ಓಟಾಗೆ ಅಲ್ಲ. ಮರಿಗೆ ಈಗ ಎಲ್ಲಿ ಸಿಗುತ್ತೆ ಯಾರಿಗಾದ್ರೂ ಗೊತ್ತಾ? ಆನ್‌ಲೈನಲ್ಲಿ ಬರೋದು ಪಳಗಿಸದೇ ಒಲೆಗಿಟ್ಟು ಒಡೆಸ್ಕೊಂಡೋರು ಬಹಳ.

ಹಾಸನದ_ಮುಲುಂಡ್‌ವಾಸಿ
ಊರಿಗೆ ಹೋದಾಗ ಜಾತ್ರೇಲಿ ನೋಡ್ತೀನಿ, ಸಿಕ್ಕಿದ್ರೆ ಹೇಳ್ತೀನಿ.

ಘೋಡ್‌ಬಂದರ್_ಅಡುಗೆಮನೆ
ಮನೇಲಿ ಎಲ್ಲರ ಹತ್ರ ಮಾತಾಡಿದ್ವಿ. ಒಲೆ, ಸಿಂಕ್, ಗ್ರೈಂಡರ್ ಇರೋ ಉದ್ದ ಭಾಗಕ್ಕೆ ಕಪ್ಪು ಗ್ರಾನೈಟ್. ಕಿಟಕಿ ಕೆಳಗೆ ಕಾಫಿ ಕುಡಿಯೋಕೆ ಅಂತ ಒಂದು ಸಣ್ಣ ಕಟ್ಟೆ ಬರುತ್ತೆ, ಅಲ್ಲಿ ನೀರಿಲ್ಲ, ಪಾತ್ರೆ ಎಳೆಯೋದಿಲ್ಲ. ಅಲ್ಲಿಗೆ ಮಾತ್ರ ಸೋಪ್‌ಸ್ಟೋನ್ ಹಾಕ್ಸಿದ್ರೆ ಹೇಗೆ? ಅತ್ತೆಗೂ ಆ ನುಣುಪು ಇಷ್ಟ ಆಗಿದೆ, ನಿಜವಾದ ತುಂಡು ಬೇರೆ ಅಂಗಡೀಲಿ ಸಿಕ್ತು, ಚಾಕು ನಿಂಬೆ ಎರಡೂ ಪಾಸು.

ವಾಸ್ಕೋ_ಕಲ್ಲುಕೆಲಸ
ಭೇಷ್. ಅಷ್ಟು ಸಣ್ಣದಕ್ಕ ಜೋಡಣಿ ಬರಂಗಿಲ್ಲ, ಸಿಂಕ್ ಇಲ್ಲಂದ್ರ ಮುರಿಯೋ ಭಯ ಇಲ್ಲ. ದೊಡ್ಡ ಕೆಲಸದ ಉಳಿದ ತುಂಡು ಕೇಳ್ರಿ, ಅರ್ಧ ರೇಟಿಗೆ ಕೊಡ್ತಾರ.

ರೊಟ್ಟಿ_ಚಿಂಚವಡ
ಛಲೋ ಆತು. ನಮ್ಮ ವೈನಿಗೆ ಈಗ ಏನ್ ಹೇಳ್ಲಿ? ಕಲ್ಲು ಕಿತ್ತಾಕ ಆಗಂಗಿಲ್ಲ. ಪರಾತದ ಗೆರಿ ಹೋಗ್ತಾವೇನು, ಅಂಚು ಹಾರಿದ್ದು ಸರಿ ಆಗ್ತದೇನು?

ವಾಸ್ಕೋ_ಕಲ್ಲುಕೆಲಸ
ಗೆರಿ ಪೂರಾ ಹೋಗ್ತಾವ. 120 ನಂಬರಿನ ಸ್ಯಾಂಡ್‌ಪೇಪರ್ ತಗೊಂಡು, ನೀರು ಚಿಮುಕಿಸಿ, ಸುತ್ತು ಸುತ್ತು ತಿಕ್ಕಬೇಕ, ಒಂದೇ ಕಡೆ ಒತ್ತಿದ್ರ ಗುಂಡಿ ಬೀಳ್ತದ. ಗೆರಿ ಹೋದ ಮ್ಯಾಲೆ 220 ತಗೊಂಡು ಸುತ್ತಲಿನ ಜಾಗಕ್ಕೂ ಹರವಿ ತಿಕ್ಕರಿ. ಒಣಾ ತಿಕ್ಕಬ್ಯಾಡ್ರಿ, ಪುಡಿ ಮನಿ ತುಂಬಾ ಹಾರ್ತದ. ಒರೆಸಿ, ರಾತ್ರಿ ಪೂರಾ ಒಣಗಾಕ ಬಿಟ್ಟು, ಮುಂಜಾನೆ ಪ್ಯಾರಾಫಿನ್ ಹಚ್ಚಿ ಅರ್ಧ ತಾಸಿಗೆ ಉಳಿದದ್ದು ಒರೆಸಿ ತಗೀರಿ. ತಿಕ್ಕಿದ ಜಾಗ ಮೊದಲು ತಿಳಿ ಕಾಣ್ತದ, ಎರಡು ಮೂರು ಸಲ ಹಚ್ಚಿದ್ರ ಕೂಡ್ತದ. ಅಂಚು ಹಾರಿದ್ದಕ್ಕ ಆ ತಿಕ್ಕಿದಾಗ ಬಂದ ಕೆಸರು ಒಗೀಬ್ಯಾಡ್ರಿ, ಒಣಗಿಸಿ ಪುಡಿ ಇಟ್ಕೊಳ್ರಿ. ಎಪಾಕ್ಸಿ ಅಂಟಿನ್ಯಾಗ ಆ ಪುಡಿ ಕಲಸಿ ಹಾರಿದ ಜಾಗಕ್ಕ ತುಂಬಿ, ಗಟ್ಟಿ ಆದ ಮ್ಯಾಲೆ ತಿಕ್ಕಿ ದುಂಡ ಮಾಡಿದ್ರ ಬಣ್ಣ ಹೊಂದ್ತದ. ಮತ್ತ ನಾದುವಾಗ ಪರಾತದ ಕೆಳಗ ಒಂದು ಹಸಿ ಅರಬಿ ಹಾಸಾಕ ಹೇಳ್ರಿ ವೈನಿಗೆ, ಪರಾತ ತಿರಗಂಗಿಲ್ಲ.